ಹಮೂರ್ ಎಷ್ಟು ದೊಡ್ಡದಿತ್ತು

ಗಾಳ ಹಾಕುವವರ ಮಾತನ್ನು ಯಾರೂ ನಂಬುವುದಿಲ್ಲ ಎಂಬ ಅಭಿಪ್ರಾಯ ಲೋಕದಲ್ಲಿದೆ. ನನ್ನ ಕಷ್ಟ ಇದಕ್ಕೆ ತೀರಾ ಉಲ್ಟಾ. ನಾನು ಹೇಳಿದ್ದನ್ನು ಎಲ್ಲರೂ ನಂಬುತ್ತಾರೆ, ಹೇಳಿದಷ್ಟನ್ನೇ ನಂಬುತ್ತಾರೆ. ಇದಕ್ಕೆ ಕಾರಣ ನನ್ನ ಕಸುಬು. ದುಬೈಯ ಒಂದು ಇಂಗ್ಲಿಷ್ ದಿನಪತ್ರಿಕೆಯಲ್ಲಿ ವರದಿಗಾರರು ಬರೆದದ್ದನ್ನು ತಿದ್ದುವ ಕೆಲಸ ನನ್ನದು. 'ಭಾರೀ ಬೆಂಕಿ' ಎಂದು ಬಂದರೆ ನನ್ನ ಕೈ ದಾಟುವಾಗ ಅದು 'ಬೆಂಕಿ' ಆಗಿರುತ್ತದೆ. 'ಜನಸಾಗರ' ಎಂದು ಬಂದರೆ ವರದಿಗಾರನಿಗೆ ಫೋನ್ ಮಾಡಿ, ನೀನು ಕಣ್ಣಾರೆ ನೋಡಿದೆಯಾ, ಎಣಿಸಿದವರು ಯಾರು ಎಂದು ಕೇಳುತ್ತೇನೆ. ಸಾಗರ ಅಲ್ಲಿಗೆ ಒಣಗಿ 'ಹಲವರು' ಆಗುತ್ತದೆ. ಇಷ್ಟು ವರ್ಷ ಇದೇ ಮಾಡಿದ್ದರಿಂದ ಸಂಸಾರದಲ್ಲೂ ಅದೇ ಅಭ್ಯಾಸವಾಗಿದೆ. ಮದುವೆಯ ಹೊಸದರಲ್ಲಿ ಹೆಂಡತಿ ಜೆಸಿಂತಾ ತಾನು ಮಾಡಿದ ಕೋಳಿಸಾರು ಹೇಗಿದೆ ಎಂದು ಕೇಳಿದಾಗ, "ಸಮಾಧಾನಕರವಾಗಿದೆ" ಎಂದಿದ್ದೆ. ಅವಳು ಅದನ್ನು ಇನ್ನೂ ಮರೆತಿಲ್ಲ.

ಜೆಸಿಂತಾ ಇಲ್ಲಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಮನೆಯಲ್ಲಿ ನಮ್ಮದು ಕೊಂಕಣಿ. ಇಲ್ಲಿ ಅವಳ ಮಾತನ್ನು ನಮ್ಮ ಮಂಗಳೂರು ಕಡೆಯ ಕನ್ನಡಕ್ಕೆ ತಂದಿದ್ದೇನೆ. ಅನುವಾದದಲ್ಲಿ ಖಾರ ಸ್ವಲ್ಪ ಕಡಿಮೆಯಾಗಿದೆ. ಡಿಸ್ಕವರಿ ಗಾರ್ಡನ್ಸ್‌ನ ನಮ್ಮ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಎಲ್ಲಕ್ಕೂ ಜಾಗವಿದೆ, ನನ್ನ ಗಾಳದ ಕೋಲಿಗೆ ಮಾತ್ರ ಇಲ್ಲ. ಇಲ್ಲಿ ಎಲ್ಲರೂ ಅದನ್ನು ರಾಡ್ ಎನ್ನುತ್ತಾರೆ. ಬಾಗಿಲ ಹಿಂದೆ ನಿಲ್ಲಿಸಿದರೆ ಎಸಿ ರಿಪೇರಿಯವನ ತಲೆಯ ಮೇಲೆ ಬೀಳುತ್ತದೆ. ಬಾಲ್ಕನಿಯಲ್ಲಿ ನಿಲ್ಲಿಸಿದರೆ ಅದಕ್ಕೆ ಪಾರಿವಾಳ ಬಂದು ಕೂರುತ್ತದೆ. ಇನ್ನು ಗಾಳಕ್ಕೆ ಸಿಕ್ಕಿಸುವ ಬೊಂಡಾಸ್, ಅಂದರೆ ಸ್ಕ್ವಿಡ್. ಅದು ಫ್ರೀಜರಿನಲ್ಲಿ ಐಸ್‌ಕ್ರೀಮಿನ ಪಕ್ಕ ಇರುತ್ತದೆ, ಬೇರೆ ಕಡೆ ಇಡಲು ಸಾಧ್ಯವಿಲ್ಲ. ಒಂದು ಗುರುವಾರ ಡ್ಯೂಟಿ ಮುಗಿಸಿ ಬಂದ ಜೆಸಿಂತಾ, ಗಂಡ ಅಪರೂಪಕ್ಕೆ ಮನೆಗೆಂದು ಏನೋ ತಂದಿದ್ದಾನೆ ಎಂದು ತಿಳಿದು ಅಷ್ಟನ್ನೂ ತೆಂಗಿನಕಾಯಿ ಹಾಕಿ ಸುಕ್ಕ ಮಾಡಿಬಿಟ್ಟಳು. ಚೆನ್ನಾಗಿತ್ತು. ನನ್ನ ಮೀನುಗಾರಿಕೆಯಿಂದ ಆ ಅಡುಗೆಮನೆಗೆ ಅಲ್ಲಿಯವರೆಗೆ ಸಂದಿದ್ದ ಏಕೈಕ ಪದಾರ್ಥ ಅದು.

"ಮೀನಿಗೆ ಇಷ್ಟು ಒಳ್ಳೆಯ ಬೊಂಡಾಸ್ ಕೊಡ್ತೀರಿ, ನಮಗೆ ಒಂದು ದಿನವಾದ್ರೂ ತಂದಿದ್ದೀರಾ?" ಎಂದು ಅವಳು ಕೇಳಿದಳು. ನಾನು ದಾಖಲೆಗಳನ್ನು ನೆನಪಿಸಿಕೊಂಡು, ಇಲ್ಲ ಎಂದೆ.

ನಾನಿದನ್ನು ಬರೆಯುತ್ತಿರುವ 2019ರಲ್ಲಿ ಇಲ್ಲಿ ವಾರದ ರಜೆ ಶುಕ್ರವಾರ. ಆದ್ದರಿಂದ ನಮ್ಮ ಕಥೋಲಿಕರ ಭಾನುವಾರದ ಪೂಜೆಯೂ ಇಗರ್ಜಿಯಲ್ಲಿ ಶುಕ್ರವಾರವೇ. ಬೆಳಕು ಹರಿಯುವ ಹೊತ್ತಿಗೆ ನಾನು ಜೆಬೆಲ್ ಅಲಿ ಕಡೆ ಸಮುದ್ರದೊಳಕ್ಕೆ ಚಾಚಿಕೊಂಡ ಕಲ್ಲಿನ ತಡೆಗೋಡೆಯ ಮೇಲೆ ಇರುತ್ತೇನೆ. ಗಾಳ ಹಾಕುವ ಪರವಾನಗಿ ಜೇಬಿನಲ್ಲಿರುತ್ತದೆ. ಪೂಜೆಯ ಹೊತ್ತಿಗೆ ಕೈ ತೊಳೆದು ಇಗರ್ಜಿಗೆ ಹೋಗುತ್ತೇನೆ. ಕೈ ತೊಳೆದರೂ ಬೊಂಡಾಸಿನ ವಾಸನೆ ಹೋಗುವುದಿಲ್ಲ. ಪೂಜೆಯ ನಡುವೆ ಒಬ್ಬರಿಗೊಬ್ಬರು ಶಾಂತಿ ಕೋರಿ ಕೈಕುಲುಕುವ ಹೊತ್ತಿನಲ್ಲಿ ಅಕ್ಕಪಕ್ಕದವರು ನನಗೆ ದೂರದಿಂದಲೇ ಕೈಮುಗಿಯುತ್ತಾರೆ. ಇಷ್ಟೆಲ್ಲ ಯಾಕೆ ಎಂದು ಕೇಳಿದರೆ ಉತ್ತರ ಸರಳ. ವಾರದ ಆರು ದಿನ ನಾನು ಬೇರೆಯವರಿಗೆ ಆದದ್ದನ್ನು ತಿದ್ದುತ್ತೇನೆ. ಏನಾದರೂ ನನಗೇ ಆಗುವ ಸಾಧ್ಯತೆ ಇರುವುದು ಆ ಕಲ್ಲುಗಳ ಮೇಲಿನ ಎರಡು ಗಂಟೆಯಲ್ಲಿ ಮಾತ್ರ.

ಆಗಿಯೂ ಇತ್ತು. ಒಂದು ಬೆಳಿಗ್ಗೆ ಕೋಲು ಇದ್ದಕ್ಕಿದ್ದಂತೆ ಬಾಗಿ ತುದಿ ನೀರು ಮುಟ್ಟಿತು. ಕೆಳಗಿನದು ಓಡಲಿಲ್ಲ, ಜಗ್ಗಲಿಲ್ಲ, ನೇರ ಕಲ್ಲಿನ ಸಂದಿಗೆ ಹೋಗಿ ಕೂತಿತು. ಇಲ್ಲಿನ ಹಮೂರ್ ಮೀನು ಮಾಡುವುದು ಹಾಗೆಯೇ. ನಮ್ಮೂರಿನ ಮುರು ಮೀನಿನ ಜಾತಿಯದು, ಬಾಯಿ ದೊಡ್ಡದು, ಆತುರವಿಲ್ಲದ್ದು. ಒಳಗೆ ಅದು ಕೂತಿತು, ಹೊರಗೆ ನಾನು ನಿಂತೆ. ಕೊನೆಗೆ ದಾರ ತುಂಡಾಯಿತು. ಮನೆಗೆ ಬಂದು, "ಏನೋ ಒಂದು ಹಿಡಿದಿತ್ತು" ಎಂದೆ.

"ಎಂತದು?"

"ನೋಡಿಲ್ಲ."

"ಮತ್ತೆ ಮೀನು ಅಂತ ಹೇಗೆ ಗೊತ್ತು? ಕಲ್ಲಿಗೆ ಸಿಕ್ಕಿರಬಹುದು."

"ಆ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ" ಎಂದೆ. ಬೇರೆ ಯಾವನೇ ಗಾಳದವನಾದರೂ ಈ ಉತ್ತರ ಕೊಡುತ್ತಿರಲಿಲ್ಲ ಎಂಬುದು ನನಗೆ ಗೊತ್ತು.

ಎರಡನೆಯ ಸಲ ನನ್ನ ಜೊತೆ ಗೆಳೆಯ ಲ್ಯಾನ್ಸಿ ಇದ್ದ. ಲ್ಯಾನ್ಸಿ ಒಂದು ಹೋಟೆಲಿನಲ್ಲಿ ಔತಣಕೂಟಗಳನ್ನು ನೋಡಿಕೊಳ್ಳುವವನು. ನೂರು ಜನಕ್ಕೆ ಮಾಡಿದ್ದನ್ನು ಇನ್ನೂರು ಜನಕ್ಕೆ ಬಡಿಸಿ ಗೊತ್ತಿದ್ದವನು. ಅವತ್ತು ಮೀನು ಸಂದಿಗೆ ಹೋಗುವ ಮೊದಲು ನೀರಿನ ಮೇಲ್ಭಾಗಕ್ಕೆ ಒಮ್ಮೆ ಹೊರಳಿತು. ಕಂದು ಬೆನ್ನು, ಕಪ್ಪು ಚುಕ್ಕೆ. ಆಮೇಲೆ ದಾರ ಎಂದಿನಂತೆ ತುಂಡಾಯಿತು. ಪೂಜೆ ಮುಗಿದು ನಾನು ಹೊರಗೆ ಬರುವಷ್ಟರಲ್ಲಿ ಲ್ಯಾನ್ಸಿ ಅಂಗಳದಲ್ಲಿ ಜನ ಸೇರಿಸಿದ್ದ.

"ಕರು, ಮಾರಾಯ್ರೆ, ಕರು! ಬಾಯಿ ಕಳೆದ್ರೆ ನನ್ನ ತಲೆ ಹೋಗಿ ಕೂರ್ತದೆ. ನಾನು ಹಿಡ್ಕೊಳ್ಳದಿದ್ರೆ ಇವ ಈಗ ಇರಾನಿನಲ್ಲಿ ಇರ್ತಿದ್ದ."

ಎಲ್ಲರೂ ನನ್ನ ಕಡೆ ತಿರುಗಿದರು. ಅವರ ಕಣ್ಣಲ್ಲಿ ಆಸೆ ಇತ್ತು. ಬಹಳ ದಿನಗಳಿಂದ ಅವರಿಗೆ ವೀಸಾ, ಬಾಡಿಗೆ, ಯಾರಿಗೆ ಕೆಲಸ ಹೋಯಿತು ಎನ್ನುವುದನ್ನು ಬಿಟ್ಟು ಬೇರೆ ಸುದ್ದಿ ಸಿಕ್ಕಿರಲಿಲ್ಲ. ನಾನು ಹೇಳಿದೆ: "ಬೆನ್ನಿನ ಒಂದು ಭಾಗ ಕಂಡಿದೆ. ಉದ್ದ ಖಚಿತವಾಗಿಲ್ಲ. ನನ್ನನ್ನು ಯಾರೂ ಹಿಡಿದುಕೊಂಡಿರಲಿಲ್ಲ." ಜನ ತಲೆಯಾಡಿಸಿ ಚಹಾದ ಕಡೆಗೆ ಹೋದರು. ಲ್ಯಾನ್ಸಿ ನನ್ನ ತೋಳು ಹಿಡಿದು ಕೇಳಿದ, "ನೀನು ನನ್ನ ಪಾರ್ಟಿಯಾ, ಮೀನಿನ ಪಾರ್ಟಿಯಾ?"

ತಪಸ್ಸು ಕಾಲ ಶುರುವಾಗಿತ್ತು. ಈಸ್ಟರಿಗೆ ಮುಂಚಿನ ಈ ದಿನಗಳಲ್ಲಿ ಶುಕ್ರವಾರ ನಮ್ಮಲ್ಲಿ ಮಾಂಸವಿಲ್ಲ, ಮೀನು ಆಗುತ್ತದೆ. ಪ್ರತಿ ಶುಕ್ರವಾರ ಬೆಳಿಗ್ಗೆ ಸಮುದ್ರಕ್ಕೆ ಹೋಗುವ ಗಂಡನಿರುವ ಮನೆಯಲ್ಲಿ, ಆರು ಶುಕ್ರವಾರವೂ ಸೂಪರ್‌ಮಾರ್ಕೆಟ್ಟಿನ ಮೀನು ಬೇಯಿಸಬೇಕಾದದ್ದು ಜೆಸಿಂತಾಳ ತಾಳ್ಮೆಯನ್ನು ಕೊನೆಗಾಣಿಸಿತು. ಅವಳಿಗೂ ಇರುವುದು ಅದೊಂದೇ ರಜೆ. ಆ ಬೆಳಿಗ್ಗೆ ಅವಳು ಒಬ್ಬಳೇ ಕೂತು ತಿಂಡಿ ತಿನ್ನುತ್ತಾಳೆ. ತೀರ್ಮಾನ ಕೇಳಿಬಂತು: ಈಸ್ಟರ್ ಊಟದ ಒಳಗೆ ನಾನು ಹಿಡಿದ ಮೀನು ಮನೆಗೆ ಬರಬೇಕು. ಇಲ್ಲದಿದ್ದರೆ ರಾಡ್ ಲ್ಯಾನ್ಸಿಗೆ. ಲ್ಯಾನ್ಸಿಯನ್ನು ಕೇಳಿಯೂ ಆಗಿತ್ತು. ನನ್ನ ಬಾಲ್ಕನಿ ಅಳೆದು ನೋಡಿದ್ದೇನೆ, ಸರಿಯಾಗ್ತದೆ ಎಂದು ಅವನು ಹೇಳಿದ್ದನಂತೆ.

ಈಸ್ಟರ್ ಬರುವುದು ಭಾನುವಾರ, ಅವತ್ತು ಇಲ್ಲಿ ಎಲ್ಲರೂ ಆಫೀಸಿನಲ್ಲಿ. ಹೀಗಾಗಿ ಊಟ ಅದರ ಮುಂದಿನ ಶುಕ್ರವಾರ. ಅಬುಧಾಬಿಯಿಂದ ಜೆಸಿಂತಾಳ ಅಣ್ಣ ಹೆನ್ರಿ ಭಾವ ಬರುವವರಿದ್ದರು. ಅವರಿಗೆ ಮೀನಿನ ವಿಷಯದಲ್ಲಿ ತಂಗಿಯ ಮಾತು ಹೋಗಲಿ, ಮೀನು ಮಾರುವವನ ಮಾತೂ ನಂಬಿಕೆಯಿಲ್ಲ. ಕಿವಿರು ಎತ್ತಿ ನೋಡದೆ ಬಂಗುಡೆಗೂ ನಮಸ್ಕಾರ ಹೇಳುವವರಲ್ಲ. ಮೀನು ಅವತ್ತಿನದ್ದೇ ಆಗಬೇಕು, ಅಂದರೆ ನನಗೆ ಉಳಿದದ್ದು ಊಟದ ಶುಕ್ರವಾರದ ಬೆಳಿಗ್ಗೆ ಮಾತ್ರ. ಗುರುವಾರವೇ ಅಡುಗೆ ಅರ್ಧ ಮುಗಿಸಿದ ಜೆಸಿಂತಾ, "ನಾಳೆ ನಾನೂ ಬರ್ತೇನೆ" ಎಂದಳು. "ನಾಳೆ ಸಂಜೆ ರಾಡ್ ಹೋಗುವಾಗ ನೀವು ಕಥೆ ಹೇಳ್ಬಾರ್ದು. ಕಣ್ಣಲ್ಲಿ ನೋಡಿಯೇ ಬಿಡುವ."

ಅವಳು ಮಡಚುವ ಕುರ್ಚಿ, ಫ್ಲಾಸ್ಕು, ಕಿವಿಗೆ ಶಾಲು ಸಮೇತ ಬಂದಳು. ಕಲ್ಲಿನ ಮೇಲೆ ಕುರ್ಚಿ ಹಾಕಿ ಕೂತು, ಸಮುದ್ರವನ್ನು ಹೊಸ ರೋಗಿಯನ್ನು ನೋಡುವಂತೆ ನೋಡಿದಳು. ನಾನು ಬೊಂಡಾಸ್ ಸಿಕ್ಕಿಸುವಾಗ, "ಅದು ಹಾಗಲ್ಲ, ಜಾರ್ತದೆ, ಎರಡು ಕಡೆ ಚುಚ್ಚಿ" ಎಂದಳು. ಎರಡು ಕಡೆ ಚುಚ್ಚಿದೆ. ಹೊತ್ತು ಏರಿತು, ಏನೂ ಆಗಲಿಲ್ಲ. ಅವಳು ವಾಚು ನೋಡಿ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು. ನಾನು ಮನಸ್ಸಿನಲ್ಲೇ ಲ್ಯಾನ್ಸಿಯ ಬಾಲ್ಕನಿಯನ್ನು ಚಿತ್ರಿಸಿಕೊಳ್ಳುತ್ತಿದ್ದೆ. ಆಗ ಕೋಲು ಬಾಗಿತು.

"ಕಲ್ಲು" ಎಂದಳು ಜೆಸಿಂತಾ.

ಕಲ್ಲು ಎಡಕ್ಕೆ ಹೋಯಿತು. ಆಮೇಲೆ ಬಲಕ್ಕೆ ಬಂತು. ಆ ಸಲ ಅದಕ್ಕೆ ಸಂದಿ ಸಿಗಲಿಲ್ಲ. ನಾನು ಹಿಂದೆ ಹಿಂದೆ ನಡೆದು ತೆರೆದ ನೀರಿಗೆ ಎಳೆದಿದ್ದೆ. "ಬಲೆ, ಬಲೆ ತಗೋ!" ಎಂದು ಕೂಗಿದೆ. ಅವಳು ಹಿಡಿಯಿದ್ದ ಬಲೆ ಎತ್ತಿಕೊಂಡು, ಚಪ್ಪಲಿ ಬಿಟ್ಟು, ಕೆಳಗಿನ ಕಲ್ಲಿಗೆ ಇಳಿದಳು. ಅಲ್ಲಿಗೆ ಹಮೂರ್ ಮೇಲೆ ಬಂತು. ಮೊದಲು ಬಾಯಿ, ಆಮೇಲೆ ತಲೆ, ಆಮೇಲೆ ಬೆನ್ನು. ಬೆನ್ನು ಬರುತ್ತಲೇ ಇತ್ತು. ಜೆಸಿಂತಾ ಒಮ್ಮೆ ಮೀನನ್ನು ನೋಡಿದಳು, ಒಮ್ಮೆ ಬಲೆಯನ್ನು ನೋಡಿದಳು. ಬಲೆ ಅದರ ತಲೆಗೆ ಟೋಪಿಯಾಗಿ ಸಾಕಿತ್ತು.

"ಇದನ್ನು ಇದರೊಳಗೆ ಎಲ್ಲಿಂದ ಹಾಕ್ಲಿಕ್ಕೆ?" ಎಂದು ಕೂಗಿದಳು.

"ಬಾಲದ ಕಡೆಯಿಂದ!"

"ಬಾಲ ಇನ್ನೂ ಬರಲಿಲ್ಲ!"

ಮೀನು ಅವಳ ಕಡೆ ಒಂದು ಕಣ್ಣು ತಿರುಗಿಸಿತು. ಅವಳು ಬಲೆ ಬಿಸಾಡಿ ಎರಡು ಕೈಯಲ್ಲೂ ಅದನ್ನು ತಬ್ಬಲು ಬಾಗಿದಳು. ಅಷ್ಟರಲ್ಲಿ ಗಾಳದ ಕೊಕ್ಕೆ ನೆಟ್ಟಗಾಗಿ ಹೊರಗೆ ಬಂತು. ಹಮೂರ್ ಆತುರವೇನೂ ಇಲ್ಲದೆ ಕೆಳಗೆ ಹೋಯಿತು. ನಾನು ಹಿಂದಕ್ಕೆ ಕುಸಿದು ಕುರ್ಚಿಯ ಮೇಲೆಯೇ ಬಿದ್ದೆ.

ಅವಳು ಮೊಣಕಾಲುದ್ದ ನೀರಿನಲ್ಲಿ ತುಂಬಾ ಹೊತ್ತು ನಿಂತಿದ್ದಳು. ಕಾರಿನಲ್ಲಿ ಅರ್ಧ ದಾರಿ ಬಂದ ಮೇಲೆ, "ಪಾಪ, ನೀವು ಹೇಳಿದ್ದು ನಿಜವೇ" ಎಂದಳು. ಇನ್ನೂ ಸ್ವಲ್ಪ ದೂರ ಹೋದ ಮೇಲೆ, "ರಾಡ್ ಇರ್ಲಿ. ಲ್ಯಾನ್ಸಿಗೆ ನಾನೇ ಹೇಳ್ತೇನೆ" ಎಂದಳು. ನನ್ನ ಶುಕ್ರವಾರಗಳು ನನಗೆ ಮರಳಿ ಸಿಕ್ಕಿದ್ದವು. ಪೂಜೆಯಲ್ಲಿ ಅವಳ ಕೈಯೂ ನನ್ನ ಕೈಯೂ ಒಂದೇ ವಾಸನೆ ಹೊಡೆಯುತ್ತಿದ್ದವು. ವೈವಾಹಿಕ ಜೀವನದಲ್ಲಿ ಅಷ್ಟು ಸಾಮೀಪ್ಯ ಮೊದಲು ಅನುಭವಕ್ಕೆ ಬಂದಿರಲಿಲ್ಲ. ಇಲ್ಲಿಗೆ ನಿಲ್ಲಿಸಿದ್ದರೆ ಇದು ಸುಖಾಂತ.

ಊಟಕ್ಕೆ ಲ್ಯಾನ್ಸಿಯೂ ಬಂದಿದ್ದ. ಎಲ್ಲರೂ ಕೂತಾಗ ಜೆಸಿಂತಾ ಮೀನಿನ ಕಥೆ ಶುರು ಮಾಡಿದಳು. ಚೆನ್ನಾಗಿಯೇ ಹೇಳಿದಳು. ಅವಳು ಬಾಗಿದ್ದು, ಅದು ಕಣ್ಣು ತಿರುಗಿಸಿದ್ದು ಬರುವಾಗ ಲ್ಯಾನ್ಸಿಯ ಕೈಯಲ್ಲಿದ್ದ ಇಡ್ಲಿಯಂಥ ಸನ್ನ ಬಾಯಿಗೆ ಹೋಗದೆ ನಿಂತಿತ್ತು. "ಈ ಮೇಜು ಉಂಟಲ್ಲ," ಎಂದು ಅವಳು ಎದ್ದು ನಿಂತು ತೋರಿಸಿದಳು, "ಈ ತುದಿಯಿಂದ ಆ ತುದಿ. ಬಾಲ ಮತ್ತೆ ಬೇರೆ."

ಹೆನ್ರಿ ಭಾವ ತಂಗಿಯ ಮುಖ ನೋಡಿ ನಕ್ಕರು. ಆಮೇಲೆ ನನ್ನ ಕಡೆ ತಿರುಗಿದರು. "ನೀವು ಪೇಪರಿನವರು, ನಿಮ್ಮದು ಕರೆಕ್ಟ್ ಇರ್ತದೆ. ನೀವು ಹೇಳಿ ಭಾವ, ಎಷ್ಟಿತ್ತು?"

ಜೆಸಿಂತಾ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಆತಂಕ ಸ್ವಲ್ಪವೂ ಇರಲಿಲ್ಲ. ಜೊತೆಯಲ್ಲಿ ನೋಡಿದ ಗಂಡ, ಇನ್ನೇನು ಭಯ. ಒಂದೇ ಶಬ್ದ ಹೇಳಿದ್ದರೆ ಸಾಕಿತ್ತು. ಲ್ಯಾನ್ಸಿ ಮೇಜಿನ ಕೆಳಗೆ ನನ್ನ ಕಾಲನ್ನೂ ಒತ್ತಿದ. ನಾನು ಮೇಜನ್ನು ನೋಡಿದೆ. ಅದು ಆರು ಜನ ಕೂರುವ ಮೇಜು.

"ತಲೆ ಮತ್ತು ಬೆನ್ನಿನ ಭಾಗ ಕಂಡಿದೆ," ಎಂದು ನನ್ನ ಬಾಯಿ ಹೇಳಿತು. "ನೀರಿನಲ್ಲಿ ವಸ್ತು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಅದನ್ನು ಕಳೆಯಬೇಕು. ಮೇಜಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಎನ್ನಬಹುದು."

"ನೋಡಿದ್ರಾ, ನಾನು ಅದನ್ನೇ ಎಣಿಸಿದ್ದು," ಎಂದರು ಹೆನ್ರಿ ಭಾವ. "ಇವಳು ಸಣ್ಣದಿರುವಾಗಲೇ ಹಾಗೆ. ಹಿತ್ತಲಲ್ಲಿ ಒಂದು ಕೇರೆ ಹಾವು ನೋಡಿದ್ರೆ ಹೆಬ್ಬಾವು." ಎಲ್ಲರೂ ನಕ್ಕರು. ಜೆಸಿಂತಾ ಕೂತಳು, ಬಡಿಸಿದಳು, ಹಂದಿಮಾಂಸ ಇನ್ನೂ ಬೇಕಾ ಎಂದು ಕೇಳಿದಳು. ನನ್ನನ್ನು ಬಿಟ್ಟು ಎಲ್ಲರನ್ನೂ ಕೇಳಿದಳು.

ಅವರೆಲ್ಲ ಹೋದ ಮೇಲೆ ಅವಳು ಬಾಗಿಲ ಹಿಂದಿನಿಂದ ರಾಡ್ ತೆಗೆದಳು. ಕೊಡುವುದಿದ್ದರೆ ಲ್ಯಾನ್ಸಿ ಇರುವಾಗಲೇ ಕೊಡಬಹುದಿತ್ತಲ್ಲ ಎಂದು ನಾನು ಮೆಲ್ಲಗೆ ಹೇಳಿದೆ.

"ಲ್ಯಾನ್ಸಿಗೆ ಯಾಕೆ?" ಎಂದಳು. "ಇದು ಇನ್ನು ನನ್ನದು. ನಾನೇ ಹಿಡಿತೇನೆ. ಹಿಡಿದು ತಂದು ಈ ಮೇಜಿನ ಮೇಲೆ ಮಲಗಿಸ್ತೇನೆ. ಹೆನ್ರಿಯನ್ನು ಕರೆಸ್ತೇನೆ. ಆಮೇಲೆ ನೀವು ಕೂತು ಅಳೆಯಿರಿ."

ಮುಂದಿನ ವಾರ ಅವಳ ಹೆಸರಿಗೂ ಪರವಾನಗಿ ಬಂತು. ತೊಟ್ಟಿಲಿನಷ್ಟು ದೊಡ್ಡ ಬಲೆಯೂ ಬಂತು. ಈಗ ಶುಕ್ರವಾರ ಬೆಳಿಗ್ಗೆ ಕಲ್ಲಿನ ತುದಿಯಲ್ಲಿ ಅವಳು ನಿಲ್ಲುತ್ತಾಳೆ, ಶಾಲು ಸುತ್ತಿಕೊಂಡು ಕುರ್ಚಿಯಲ್ಲಿ ನಾನು ಕೂರುತ್ತೇನೆ. ಹಮೂರ್ ಇನ್ನೂ ಬಂದಿಲ್ಲ. ಆದರೆ ಶೇರಿ ಎಂದು ಇಲ್ಲಿ ಕರೆಯುವ ಮಧ್ಯಮ ಗಾತ್ರದ ಮೀನುಗಳು ವಾರ ಬಿಡದೆ ಬರುತ್ತಿವೆ, ಹುರಿದು ತಿನ್ನುತ್ತಿದ್ದೇವೆ. ಪೊರೆ ಉಜ್ಜುವ ಕೆಲಸ ನನಗೆ ಸಿಕ್ಕಿದೆ. ಕಳೆದ ವಾರ ಅವಳ ಕೋಲು ಒಮ್ಮೆ ಜೋರಾಗಿ ಬಾಗಿ ಮತ್ತೆ ನೆಟ್ಟಗಾಯಿತು. ಅವಳು ತಿರುಗಿ ನನ್ನನ್ನು ನೋಡಿ, "ಎಂತದೂ ಹೇಳ್ಬೇಡಿ" ಎಂದಳು. ನಾನು ಹೇಳಿರಲಿಲ್ಲ. ನೋಟದಲ್ಲೇ ಅಳತೆ ಕಡಿಮೆ ಮಾಡುತ್ತೇನಂತೆ. ಅದಕ್ಕೆ ಅವಳು ಹತ್ತಿರ ಬಂದು ನನ್ನ ಕುರ್ಚಿಯನ್ನು ತಿರುಗಿಸಿ ಇಟ್ಟಳು. ಈಗ ನನ್ನ ಎರಡು ಗಂಟೆ ಕಾರು ನಿಲ್ಲಿಸುವ ಜಾಗವನ್ನು ನೋಡುತ್ತಾ ಕಳೆಯುತ್ತದೆ.