ಮಾರುವ ಮನೆಗೆ ಪಿಸ್ತಾ ಬಣ್ಣ

ಮಾರುವ ಮನೆಗೆ ಬಣ್ಣ ಹೊಡೆಸಬೇಕೇ ಬೇಡವೇ ಎನ್ನುವ ಪ್ರಶ್ನೆಗೆ ಖಚಿತ ಉತ್ತರ ಇರುವುದು ಮನೆ ಮಾರಬೇಕಾಗಿಲ್ಲದವರ ಹತ್ತಿರ ಮಾತ್ರ. ಮೂಡಿಗೆರೆ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಾ, ಬಸ್ಸಿಗೆ ಕಾಯುತ್ತಾ, ರೇಷನ್ ಅಂಗಡಿಯ ಸಾಲಿನಲ್ಲಿ ನಿಂತು ನಾನು ಹನ್ನೆರಡು ಜನರನ್ನಾದರೂ ಕೇಳಿದ್ದೇನೆ. ಒಬ್ಬರೂ ಗೊತ್ತಿಲ್ಲ ಅನ್ನಲಿಲ್ಲ. ಆರು ಜನ ಹೊಡೆಸಿ ಅಂದರು, ಆರು ಜನ ದಂಡ ಅಂದರು. ಹದಿಮೂರನೆಯವರು ನಮ್ಮನೆಯವರು. ಪೇಪರಿನಿಂದ ತಲೆ ಎತ್ತದೆ, ನಿನಗೆ ಹೇಗೆ ಕಾಣುತ್ತದೋ ಹಾಗೆ ಮಾಡು ಅಂದರು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಈ ಮಾತಿನ ಅರ್ಥ ನನಗೆ ಚೆನ್ನಾಗಿ ಗೊತ್ತಾಗಿದೆ. ಸರಿಹೋದರೆ ಇಬ್ಬರದ್ದು, ಕೆಟ್ಟರೆ ನನ್ನದು.

ಮನೆ ಮಾರಲು ಹೊರಟದ್ದು ಅತ್ತೆಗೋಸ್ಕರ. ನಮ್ಮದು ದಿಬ್ಬದ ಮೇಲಿನ ಮನೆ. ರಸ್ತೆಯಿಂದ ನಲವತ್ತೊಂದು ಮೆಟ್ಟಿಲು. ಎರಡು ವರ್ಷದ ಹಿಂದೆ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ಕೋಲು ಹಿಡಿದು ಸಮನೆಲದಲ್ಲಿ ನಡೆಯುತ್ತಾರೆ, ಮೆಟ್ಟಿಲು ಮಾತ್ರ ಆಗದು. ಅಲ್ಲಿಂದೀಚೆಗೆ ಅವರು ರಸ್ತೆ ಕಂಡದ್ದು ಆಸ್ಪತ್ರೆಗೆ ಹೋಗುವ ದಿನ ಮಾತ್ರ, ಅದೂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ನಾಲ್ಕು ಜನ ಹೊತ್ತುಕೊಂಡು. ಮಾವ ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿದ್ದವರು. ಆಳುಗಳನ್ನು ವಿಚಾರಿಸಿಕೊಳ್ಳುವ ಧಾಟಿ ಅತ್ತೆಗೂ ಬಂದಿದೆ. ಕುರ್ಚಿಯಲ್ಲಿ ಕೂತೇ, ಎಡಗಡೆಯವನು ಕಾಫಿ ಕುಡಿದು ಬಂದಿಲ್ಲ ಎಂದು ಕಂಡುಹಿಡಿದು ಹೇಳುತ್ತಿದ್ದರು. ಆದರೆ ಒಂದು ಸಂಜೆ ಅಕ್ಕಿ ಆರಿಸುತ್ತಾ ಕೂತವರು ಕೈ ನಿಲ್ಲಿಸಿ, "ದಾರೀಲಿ ಹೋಗೋರ ಹತ್ರ ನಾಲ್ಕು ಮಾತಾಡಿ ಎಷ್ಟು ದಿನ ಆಯ್ತು ಮಾರಾಯ್ತಿ," ಅಂದರು. ಅದರಲ್ಲಿ ದೂರು ಇರಲಿಲ್ಲ. ದೂರಿದ್ದರೆ ನಾನು ಎದುರು ಹೇಳಿ ಸುಮ್ಮನಾಗುತ್ತಿದ್ದೆ. ಇಲ್ಲದ್ದರಿಂದ ಮನೆ ಮಾರಬೇಕಾಯಿತು.

ಚಿಕ್ಕಮಗಳೂರಿನಲ್ಲಿ ಒಂದೂ ಮೆಟ್ಟಿಲಿಲ್ಲದ, ಜಗಲಿಯಿಂದ ಕಾಲು ಚಾಚಿದರೆ ರಸ್ತೆಗೇ ತಾಗುವಂಥ ಮನೆ ಸಿಕ್ಕಿತು. ಅದರ ಯಜಮಾನರು ಶಿವರಾತ್ರಿವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಡುತ್ತೇನೆ ಅಂದಿದ್ದರು. ನಮ್ಮದು ಮಾರದೆ ಅದನ್ನು ಕೊಳ್ಳುವ ಹಾಗಿರಲಿಲ್ಲ. ಆಗ ಸಂಕ್ರಾಂತಿ ಕಳೆದಿತ್ತು.

ಕೊನೆಗೆ ನನ್ನನ್ನು ಬಣ್ಣದ ಕಡೆ ತಳ್ಳಿದ್ದು ಪಕ್ಕದ ಮನೆಯ ಶಾರದಕ್ಕ. ಹುಡುಗಿ ನೋಡಲು ಬರುತ್ತಾರೆಂದರೆ ಒಳ್ಳೆಯ ಸೀರೆ ಉಡಿಸುವುದಿಲ್ಲವೇ, ಮನೆಯೂ ಹಾಗೇ ಎಂದು ಆಕೆಯ ವಾದ. ಅಂಗಡಿಯ ಕಾರ್ಡಿನಲ್ಲಿ ಪಿಸ್ತಾ ಬಣ್ಣ ಐಸ್‌ಕ್ರೀಮಿನ ಹಾಗೆ ಕಂಡಿತು. ಗೋಡೆಗೆ ಏರಿದ ಮೇಲೆ ತಾಲೂಕು ಆಸ್ಪತ್ರೆಯ ವಾರ್ಡಿನ ಹಾಗಾಯಿತು. ಇನ್ನು ಹಿಂದೆ ಸರಿಯುವುದು ಹೇಗೆಂದು ಹೊಸ ಪರದೆಯನ್ನೂ ತಂದೆ. ಉಪ್ಪಿನಕಾಯಿ ಜಾಡಿಗಳು ಅಟ್ಟ ಹತ್ತಿದವು. ಮನೆ ಚೊಕ್ಕಟವಾದ ಮೇಲೆ ನಮ್ಮನೆಯವರು ಕನ್ನಡಕ ಹುಡುಕುತ್ತಾ ಒಂಬತ್ತು ದಿನ ಕಳೆದರು. ಒಂಬತ್ತನೆಯ ದಿನ ಅದು ಚೊಕ್ಕಟ ಮಾಡಿದವಳ, ಅಂದರೆ ನನ್ನ, ಹೊಲಿಗೆ ಪೆಟ್ಟಿಗೆಯಲ್ಲೇ ಸಿಕ್ಕಿತು. ಅತ್ತೆ ಮಾತ್ರ ತಮ್ಮ ಕೋಣೆಗೆ ಬ್ರಷ್ಷು ಸೋಕಿಸಲು ಬಿಡಲಿಲ್ಲ. ಮಂಚ ಸರಿಸುವುದೆಂದರೆ ತಮ್ಮನ್ನು ಎಬ್ಬಿಸಬೇಕು, ಎಬ್ಬಿಸುವುದಿದ್ದರೆ ಹೋಗುವ ದಿನ ಒಂದೇ ಸಲ ಎಬ್ಬಿಸಿ ಅಂದರು. ಹಾಗಾಗಿ ಆ ಕೋಣೆಯ ಹಳದಿಗಟ್ಟಿದ ಸುಣ್ಣ ಹಾಗೇ ಉಳಿಯಿತು. ನೋಡುವವರು ಬಂದಾಗ ಬಾಗಿಲು ಮುಚ್ಚಿ, ಅತ್ತೆ ಮಲಗಿದ್ದಾರೆ ಅಂದುಬಿಡುವುದೆಂದು ನಾನು ಲೆಕ್ಕ ಹಾಕಿದೆ.

ಒಂದು ಸಂಗತಿ ಮಾತ್ರ ನನಗೆ ಹೊಳೆಯಲೇ ಇಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಗೋಡೆಗೆ ಬೂಷ್ಟು ಹಿಡಿಯದ ಮನೆ ಇಲ್ಲ. ಬೇಸಿಗೆಗೆ ಮುಂಚೆ ಅವಸರದಲ್ಲಿ ಬಣ್ಣ ಬಳಿದ ಮನೆಯನ್ನು ಕಂಡರೆ ಇಲ್ಲಿ ಹುಟ್ಟಿದವರು ಮೊದಲು ಯೋಚಿಸುವುದೇ ಅದರ ಆಷಾಢವನ್ನು. ಮೊದಲು ಬಂದವರು ಗೋಡೆಯನ್ನು ಮೂಸಿದರು. ಎರಡನೆಯವರು, ಎಲ್ಲಿ ಸೋರುತ್ತಿತ್ತು ಎಂದು ಕೇಳಿದರು. ಸೋರುತ್ತದೆಯೇ ಎಂದು ಕೇಳುವ ಸೌಜನ್ಯವೂ ಇಲ್ಲ. ಮೂರನೆಯವಳಾಗಿ ಬಂದ ಹೆಂಗಸು ಮಾತಾಡುತ್ತಲೇ ಉಗುರಿನಿಂದ ನನ್ನ ಪಿಸ್ತಾವನ್ನು ಕೆರೆದಳು. ಎಲ್ಲೂ ಸೋರುವುದಿಲ್ಲ ಎಂದು ನಾನು ಮೂವರಿಗೂ ಹೇಳಿದೆ. ಅಡುಗೆಮನೆಯ ಮೂಲೆಯೊಂದು ಸೋರುವುದು ನಿಜವಾದ್ದರಿಂದ ಪ್ರತಿಸಲವೂ ಸ್ವಲ್ಪ ಹೆಚ್ಚು ಗಟ್ಟಿಯಾಗಿ ಹೇಳಿದೆ. ಯಾರೂ ತಿರುಗಿ ಬರಲಿಲ್ಲ. ಶಿವರಾತ್ರಿಗೆ ಇನ್ನು ಹದಿನಾರು ದಿನ ಇತ್ತು. ಅತ್ತೆ ದಿನಾ ಕ್ಯಾಲೆಂಡರ್ ಹಾಳೆ ಹರಿಯುವಾಗ ನನ್ನ ಕಡೆ ನೋಡುತ್ತಿದ್ದರು.

ನಾಲ್ಕನೆಯವರಾಗಿ ಹೆಂಡತಿಯ ಜೊತೆ ಬಂದವರು ಕೊಟ್ಟಿಗೆಹಾರದ ಮಂಜೇಗೌಡರು, ಕಾಫಿ ವ್ಯಾಪಾರಿ. ಬೆಳೆಗಾರರು ಮೂಟೆ ತಂದಿಳಿಸಿದರೆ ಕಾಫಿಯವರು ಬಾಯಿ ಬಿಚ್ಚಿ ಮೇಲಿನ ಬೀಜ ನೋಡುವುದಿಲ್ಲ. ಕಬ್ಬಿಣದ ಕೊಳವೆಯೊಂದನ್ನು ಮೂಟೆಯ ಹೊಟ್ಟೆಗೆ ಚುಚ್ಚಿ, ಒಳಗಿನ ನಾಲ್ಕು ಬೀಜ ಅಂಗೈಗೆ ಉದುರಿಸಿಕೊಳ್ಳುತ್ತಾರೆ. ಗೌಡರು ನನ್ನ ಪರದೆಯ ಕಡೆ ಕಣ್ಣೂ ಹಾಯಿಸದೆ ನಡುಮನೆ ದಾಟಿ ಬಂದು ಮುಚ್ಚಿದ ಬಾಗಿಲ ಮುಂದೆ ನಿಂತರು. ಅತ್ತೆ ಮಲಗಿದ್ದಾರೆ ಅಂದೆ. ಒಳಗಿಂದ, "ಮಲಗಿಲ್ಲ, ಬನ್ನಿ," ಅಂತ ಕೇಳಿಸಿತು.

ಗೌಡರು ಒಳಗೆ ಹೋಗಿ, "ಅಮ್ಮಾ, ಮನೆ ಸೋರ್ತದಾ?" ಅಂದರು.

"ಸೋರ್ತದೆ. ಪುನರ್ವಸು ಮಳೆ ಜೋರಾದ್ರೆ ಅಡುಗೆಮನೆ ಮೂಲೇಲಿ. ಒಂದು ಪಾತ್ರೆ ಇಟ್ರೆ ಸಾಕು. ಬೇರೆಲ್ಲೂ ಇಲ್ಲ. ಈ ಗೋಡೆ ಮುಟ್ಟಿ ನೋಡಿ, ಇದು ಸುಣ್ಣ ಕಂಡು ಹದಿನೈದು ವರ್ಷ ಆಯ್ತು."

ಗೌಡರು ಅಂಗೈ ಒತ್ತಿದರು. ಬಗ್ಗಿ ಮಂಚದ ಕೆಳಗೂ ನೋಡಿದರು. ಗೋಡೆ ಒಣಗಿತ್ತು. "ಮತ್ತೆ ಯಾಕೆ ಮಾರ್ತಿದೀರಿ?"

"ನಂಗೆ ಮೆಟ್ಲು ಇಳಿಯೋಕಾಗಲ್ಲ. ನಿಮ್ಮ ಕಾಲು ಗಟ್ಟಿ ಇದೆಯಲ್ಲ."

ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ನನಗೆ ಲೋಟ ಯಾರ ಮುಂದೆ ಇಡಬೇಕೆಂದೇ ತಿಳಿಯಲಿಲ್ಲ. ಆ ಮಧ್ಯಾಹ್ನವೇ ಮಾತು ಕುದುರಿತು. ಹೊರಡುವಾಗ ಗೌಡರ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದು, ಬೇಜಾರು ಮಾಡಿಕೊಳ್ಳಬೇಡಿ, ಈ ಹಸಿರನ್ನು ನಾವು ಬದಲಾಯಿಸುತ್ತೇವೆ ಅಂದರು. ಸೋರುವುದನ್ನು ಯಾಕೆ ಹೇಳಿದಿರಿ ಎಂದು ಆಮೇಲೆ ನಾನು ಅತ್ತೆಯನ್ನು ಕೇಳಿದೆ. "ಕಾಫಿಯೋರಿಗೆ ಮೂಟೆ ಬಾಯಿ ತೋರಿಸ್ತಾ ಕೂತಿದ್ಯಲ್ಲ ನೀನು," ಅಂದರು.

ಶಿವರಾತ್ರಿಗೆ ನಾಲ್ಕು ದಿನ ಮುಂಚೆ ಕುರ್ಚಿ ಕೊನೆಯ ಸಲ ಇಳಿಯಿತು. ಚಿಕ್ಕಮಗಳೂರಿನ ಜಗಲಿಯಲ್ಲಿ ಕೂತ ಎಂಟೇ ದಿನದಲ್ಲಿ ಅತ್ತೆಗೆ ಹಾಲಿನವನ ಊರು, ಎದುರುಮನೆ ಟೀಚರಮ್ಮನ ಬೆನ್ನುನೋವು, ಸೊಪ್ಪಿನವಳ ಮೂವರು ಅಳಿಯಂದಿರು ಎಲ್ಲ ಪರಿಚಯವಾಯಿತು. ಮಾತಾಡಿ ಮಾತಾಡಿ ಅವರ ಗಂಟಲು ಕಟ್ಟಿದ್ದಕ್ಕೆ ಕಷಾಯ ಮಾಡಿಕೊಟ್ಟೆ.

ಇಷ್ಟು ಬರೆದ ಮೇಲೆ ಒಂದನ್ನು ಒಪ್ಪಿಕೊಳ್ಳಬೇಕು. ಈ ಮನೆ ನೋಡಲು ಬಂದ ದಿನ ಇದಕ್ಕೂ ಹೊಸದಾಗಿ ಬಣ್ಣ ಹೊಡೆದಿದ್ದರು, ದಂತದ ಬಣ್ಣ. ಎಷ್ಟು ಬೆಳಕಾಗಿದೆ ನೋಡಿ ಎಂದು ನಮ್ಮನೆಯವರಿಗೆ ತೋರಿಸಿದವಳು ನಾನೇ. ಒಂದು ಗೋಡೆಯನ್ನೂ ಮುಟ್ಟಲಿಲ್ಲ. ಆರಿದ್ರ ಮಳೆ ಹಿಡಿದ ಮೂರನೆಯ ದಿನ ಅತ್ತೆಯ ಮಂಚದ ಹಿಂದೆ ಹಪ್ಪಳದಷ್ಟು ತೇವ ಕಾಣಿಸಿತು. ಸಂಜೆಗೆ ಅದು ಊಟದ ತಟ್ಟೆಯಷ್ಟಾಯಿತು. ನಮ್ಮನೆಯವರು ಕಂಡರೆ ಮತ್ತೆ ಮನೆ ಬದಲಿಸುವ ಮಾತು ಎತ್ತುತ್ತಾರೆ. ಅವರು ಪೇಟೆಯಿಂದ ಬರುವುದರೊಳಗೆ ನಾನು ಮೊಳೆ ಹೊಡೆದು, ದೊಡ್ಡದೊಂದು ದೇವರ ಪಟ ಎತ್ತಿಕೊಂಡು ಸ್ಟೂಲು ಹತ್ತಿದೆ. ಜಗಲಿಯಿಂದ ಕೋಲೂರಿಕೊಂಡು ಬಂದ ಅತ್ತೆ ಬಾಗಿಲಲ್ಲಿ ನಿಂತರು. ಇನ್ನು ನನ್ನ ಕಥೆ ಮುಗಿಯಿತು ಅಂದುಕೊಂಡೆ. ಅವರು ಗೋಡೆ ನೋಡಿದರು, ತಿರುಗಿ ರಸ್ತೆ ನೋಡಿದರು, ಮತ್ತೆ ಗೋಡೆ ನೋಡಿದರು.

"ಇನ್ನೊಂದು ಚೂರು ಎಡಕ್ಕೆ," ಅಂದರು.