ಮಾವನ ಪಿಸುದನಿಯ ಸಂಕಲ್ಪ

ನಮ್ಮ ಸೋದರಮಾವನಿಗೆ ಈ ಜಗತ್ತಿನಲ್ಲಿ ಹೆದರಿಕೆ ಎರಡಕ್ಕೇ: ಏಕಾದಶಿಯಂದು ಅಪ್ಪಿತಪ್ಪಿ ಬಾಯಿಗೆ ಅನ್ನದ ಅಗುಳು ಬೀಳುವುದಕ್ಕೆ, ಮೊಬೈಲಿನಲ್ಲಿ ‘ಒಪ್ಪುತ್ತೇನೆ’ ಎಂಬ ಗುಂಡಿ ಒತ್ತುವುದಕ್ಕೆ! ಆ ಗುಂಡಿಯ ಮೇಲಿನ ಷರತ್ತುಗಳನ್ನು ಪೂರ್ತಿ ಓದುವವರು ಭೂಮಿಯ ಮೇಲೆ ಅವರೊಬ್ಬರೇ ಇರಬೇಕು. ಈ ಬರಹಕ್ಕೆ ಅತ್ತೆಯ ಒಪ್ಪಿಗೆ ಸಿಕ್ಕಿದೆ. ಮಾವ ಇನ್ನೂ ಓದುತ್ತಿದ್ದಾರೆ.

ಮಾವ ಮಾನ್ವಿಯ ಹನುಮಂತ ದೇವರ ಗುಡಿಯ ಅರ್ಚಕರು. ದುಬೈ, ಅಮೆರಿಕದ ಭಕ್ತರೂ ಹೆಸರು, ಗೋತ್ರ, ನಕ್ಷತ್ರಗಳನ್ನು ಮೊಬೈಲಿಗೆ ಕಳಿಸುತ್ತಾರೆ. ಮಾವ ಸಂಕಲ್ಪದಲ್ಲಿ ಅವನ್ನು ಹೇಳಿದರೆ ಬಸ್‌ಸ್ಟ್ಯಾಂಡಿಗೆ ಕೇಳಿಸಬೇಕು, ಅಂಥ ಕಂಠ!

ಒಂದು ಬೆಳಿಗ್ಗೆ ರೇಡಿಯೊದಲ್ಲಿ ಚರ್ಚೆ. ಗ್ರಾಹಕರ ಖಾಸಗಿ ಮಾಹಿತಿ ಗಡಿ ದಾಟಬೇಕಾದರೆ ದೇಶದೇಶಗಳ ನಡುವೆ ಒಪ್ಪಂದವಿರಬೇಕು, ಅದರ ಮೇಲೆ ಸರ್ಕಾರ ಕಣ್ಣಿಡಬೇಕು ಎಂದರು ಯಾರೋ. ಮಾವನ ಕೈಯಿಂದ ತೀರ್ಥದ ಉದ್ಧರಣೆ ಜಾರಿ ಬಿತ್ತು.

“ಲೇ, ದುಬೈ ಮಂದಿ ಜನ್ಮನಕ್ಷತ್ರ ನನ್ನ ಕಡೆ ಬರಾಕತ್ತಾವಲ್ಲೋ! ನನ್ನ ಹತ್ರ ಯಾವ ಒಪ್ಪಂದ ಅದ?”

“ಅದು ದೊಡ್ಡ ಕಂಪನಿಗಳಿಗೆ, ಮಾಮಾ.”

“ಕಂಪನಿಯವರು ಕದ್ದು ಮಾರ್ತಾರ. ನಾ ಎಲ್ಲರ ಮುಂದ ಒದರ್ತೀನಿ! ಯಾರದು ದೊಡ್ಡ ತಪ್ಪು?”

ಹೌದಲ್ಲ! ನಾನೂ ದಂಗಾದೆ.

ಮರುದಿನವೇ ನನ್ನನ್ನು ಎಳೆದುಕೊಂಡು ರಾಯಚೂರಿನ ದೊಡ್ಡ ಕಚೇರಿಗೆ ಹೊರಟರು. “ಹೊರದೇಶದ ಮಾಹಿತಿ ಒಪ್ಪಂದ ಕಾಯೋರು ಯಾವ ಟೇಬಲ್ಲಿಗೆ ಕೂಡ್ತಾರ್ರೀ?”

ಗುಮಾಸ್ತ ಕಣ್ಣು ಕಣ್ಣು ಬಿಟ್ಟ. “ಅದೆಲ್ಲ ದಿಲ್ಲಿಯೊಳಗ ನೋಡ್ತಾರ್ರಿ, ಆಚಾರ್ರ.”

“ದಿಲ್ಲಿಯಾಗ ಕುಂತವರಿಗೆ ಮಾನ್ವಿ ಗುಡಿಯಾಗ ನಾ ಏನು ಒದರ್ತೀನಿ ಅಂತ ಹೆಂಗ ಗೊತ್ತಾಗಬೇಕ್ರೀ?”

ಬರುವಾಗ ಅತ್ತೆಗೆಂದು ಮೆತ್ತನೆಯ ಹತ್ತಿ ಸೀರೆ ಆರಿಸಿದರು. ಬಿಲ್ಲಿಗೆ ಫೋನ್ ನಂಬರ್ ಕೇಳಿದ್ದೇ ತಡ, “ಸೀರಿ ಉಡಾಕಿ ಆಕಿ, ನನ್ನ ನಂಬರ್ ಯಾವ ದೇಶಕ್ಕ ಕಳಸ್ತೀರಿ?” ಎಂದು ಸೀರೆ ಬಿಟ್ಟು ಎದ್ದೇಬಿಟ್ಟರು! ಅಂಗಡಿಯವ ಸೀರೆ ಮತ್ತೆ ಮಡಚಿಟ್ಟ.

ಅಂದಿನಿಂದ ಸಂಕಲ್ಪ ಪಿಸುದನಿಗೆ ಇಳಿಯಿತು. ಬಾಯಿಗೆ ಶಲ್ಯ ಅಡ್ಡ ಹಿಡಿದು ದೇವರ ಕಿವಿಯ ಹತ್ತಿರ ಬಾಗುತ್ತಿದ್ದರು. ಪೋತ್ನಾಳದ ಅಕ್ಕಿ ವ್ಯಾಪಾರಿಯೊಬ್ಬ ಸಿಟ್ಟಾದ. “ನಮ್ಮ ಹೆಸರು ದೇವರಿಗೆ ಮುಟ್ಟಿತೋ ಇಲ್ಲೋ, ಹೆಂಗ ತಿಳಿಬೇಕ್ರಿ?” ದೂರು ಗುಡಿಯ ಕಮಿಟಿಗೆ ಹೋಯಿತು. ಬರುವ ಶನಿವಾರ ಗಟ್ಟಿಯಾಗಿ ಹೇಳದಿದ್ದರೆ ಬೇರೆ ಅರ್ಚಕರನ್ನು ನೋಡುತ್ತೇವೆ ಎಂದರು. ತಲೆಮಾರುಗಳಿಂದ ಬಂದ ಪೂಜೆ, ಕೈತಪ್ಪುವುದೇ?

ಶನಿವಾರ ಕಮಿಟಿಯವರೆಲ್ಲ ಬಂದು ನಿಂತರು. ನಾನು ಗರ್ಭಗುಡಿಯ ಬಾಗಿಲಿಗೆ ಒತ್ತಿ ನಿಂತು ಕಿವಿಯಿಟ್ಟೆ. ಮಂದಿಯ ಹೆಸರೆಲ್ಲ ಮುಗಿದ ಮೇಲೆ ಅತ್ತೆಯ ಹೆಸರು ಬಂತು. ಮಾವ ಶಲ್ಯವನ್ನು ಬಾಯಿಗೆ ಇನ್ನಷ್ಟು ಒತ್ತಿ ಪಿಸುಗುಟ್ಟಿದರು.

“ಹಣಮಪ್ಪಾ, ಈಕಿ ಎದಿಯಾಗಿನ ಗಂಟು ರಾಯಚೂರಿನ ಡಾಕ್ಟರು ನೋಡಾಕತ್ತಾರ, ನೀನೂ ಒಂದಿಷ್ಟು ನೋಡು. ಮಂದಿಗೆ ಗೊತ್ತಾಗೂದು ಬ್ಯಾಡ ಅಂದಾಳ. ಮಾತು ಕೊಟ್ಟೀನಿ. ನೀನೂ ಯಾರಿಗೂ ಹೇಳಬ್ಯಾಡಪ್ಪಾ.”

ಮಾವನ ದನಿ ತಗ್ಗಿಸಿದ್ದು ಸರ್ಕಾರದ ಭಯವೋ, ಅತ್ತೆಗೆ ಕೊಟ್ಟ ಮಾತೋ? ನಾನು ಇವತ್ತಿಗೂ ಕೇಳಿಲ್ಲ.

“ಹತ್ರ ನಿಂತಿದ್ದಿರಲ್ರಿ, ಏನಂದ್ರು?” ಎಂದ ಅಕ್ಕಿ ವ್ಯಾಪಾರಿ.

ಕಣ್ಣೊರೆಸಿಕೊಂಡು ಹೇಳಿದೆ: “ನಿಮ್ಮ ಹೆಸರು ಮುಟ್ಟೇದರಿ. ಉಳಿದದ್ದು ನನಗ ಕೇಳಿಸಲಿಲ್ಲ.”