ಕಾಕಾರ ಬೋಳು ಮೋಟಾರಿನ ದನಿ

ಶಹಾಬಾದಿನಲ್ಲಿ ಒಂದು ಕಾಲಕ್ಕೆ ಕಾಗೆಗಳು ಕೂರಲು ಹೆದರುತ್ತಿದ್ದ ಓಣಿ ಒಂದಿತ್ತು. ಅದಕ್ಕೆ ಏಕಮಾತ್ರ ಕಾರಣ ನಮ್ಮ ಕಾಕಾ ಎಂದರೆ ನೀವು ನಗಬಾರದು. ನಗುವುದೇ ಆದರೆ ಆ ಓಣಿಯಲ್ಲಿ ನಾಲ್ಕು ದಿನ ಇದ್ದು ಆಮೇಲೆ ನಗಿರಿ!

ಕಾಕಾರದು ಕಲ್ಲಿನ ಖಣಿಯ ವ್ಯವಹಾರ. ಕಲ್ಲಿನವರಿಗೆ ಬೇಕಾದದ್ದು ಲಾರಿ. ಕಾಕಾ ಕೊಂಡದ್ದು ಎರಡೇ ಸೀಟಿನ, ಮೇಲೆ ಚಾವಣಿಯಿಲ್ಲದ, ಪಂದ್ಯದ ಓಟಕ್ಕೆಂದೇ ಹುಟ್ಟಿದ ಕೆಂಪು ಕಾರು. ದೇಶ ಬಿಟ್ಟು ಹೊರಟಿದ್ದ ಬಿಳಿಯ ಎಂಜಿನಿಯರನೊಬ್ಬ ಅದನ್ನು ಇವರ ಕೈಗೊಪ್ಪಿಸಿ, ಹಿಂತಿರುಗಿ ನೋಡದೆ ರೈಲು ಹತ್ತಿದನಂತೆ. ಊರಿನವರು ಅದಕ್ಕೆ ‘ಬೋಳು ಮೋಟಾರು’ ಎಂದು ನಾಮಕರಣ ಮಾಡಿದರು.

ಖಣಿಯಿಂದ ಕಾಕಾ ಊಟಕ್ಕೆ ಬರುವ ಹೊತ್ತು ಯಾವ ಪಂಚಾಂಗದಲ್ಲೂ ಇರುತ್ತಿರಲಿಲ್ಲ. ಒಮ್ಮೆ ಹನ್ನೆರಡಕ್ಕೆ, ಒಮ್ಮೆ ಮೂರಕ್ಕೆ. ಆದರೂ ಅವರು ತಣ್ಣಗಿನ ರೊಟ್ಟಿ ಉಂಡವರಲ್ಲ. ಓಣಿಯ ಬಾಯಲ್ಲಿ ಮೋಟಾರಿನ ದನಿ ಕೇಳಿದೊಡನೆ ಅವರ ಹೆಂಡತಿ, ನಮ್ಮ ಕಾಕಿ, ರೊಟ್ಟಿ ಬಡಿಯಲು ಶುರುಮಾಡುವರು. ಕಾಕಾ ಕಾಲು ತೊಳೆದು ಮಣೆಯ ಮೇಲೆ ಕೂರುವುದಕ್ಕೂ ಉಬ್ಬಿದ ರೊಟ್ಟಿ ತಾಟಿಗೆ ಬೀಳುವುದಕ್ಕೂ ಸರಿಹೋಗುವುದು. ಹತ್ತು ವರ್ಷ ನಡೆದುಬಂದ ಈ ಪದ್ಧತಿಯನ್ನು ನಾನು ಕಣ್ಣಾರೆ ಕಂಡವನು; ಅನೇಕ ಸಲ ಅದೇ ಪಂಕ್ತಿಯಲ್ಲಿ ಕುಳಿತು ಉಂಡವನೂ ಹೌದು.

ಹೀಗಿರಲು ಒಂದು ದಿನ ಕಾಕಾ ಬಂದು ಮಣೆಯ ಮೇಲೆ ಕುಳಿತರೂ ಹಂಚು ಸುಮ್ಮನಿತ್ತು. ಮರುದಿನವೂ ಅದೇ ಕಥೆ. ಮೂರನೆಯ ದಿನ ಕಾಕಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು, “ಅಯ್ಯ, ಬಂದದ್ದ ಗೊತ್ತಾಗ್ಲಿಲ್ರಿ. ನಿಮ್ಮ ಗಾಡಿ ದನಿ ಬಿದ್ದದ ನೋಡ್ರಿ,” ಎಂದರು. ಕಾಕಾ ಒಂದು ಗಳಿಗೆ ಅವರ ಮುಖವನ್ನೇ ನೋಡಿದರು. “ಹೌದು, ಬಿದ್ದದ,” ಎಂದರು. ಅಂದಿನಿಂದ ಶುರುವಾಯಿತು ನೋಡಿ, ನಮ್ಮೂರಿನ ಸಂಕಟ!

ಮೋಟಾರಿನ ದನಿಯ ಮೂಲ ಸೈಲೆನ್ಸರಿನಲ್ಲಿದೆಯೆಂದು ಯಾರೋ ಹೇಳಿದರು. ಕಾಕಾ ಮೋಟಾರಿನ ಅಡಿಯಲ್ಲಿ ಅಂಗಾತ ಮಲಗಿ ಅಧ್ಯಯನಕ್ಕೆ ತೊಡಗಿದರು. ಶಾಲೆಯಲ್ಲಿ ವಿಜ್ಞಾನ ಕಲಿಸುವವನೆಂಬ ಅಪರಾಧಕ್ಕಾಗಿ ನಾನೂ ಪಕ್ಕದಲ್ಲಿ ಮಲಗಬೇಕಾಯಿತು. ಕಾಕಾರ ವಿವರಣೆ ಹೀಗಿತ್ತು: ಎಂಜಿನ್ನಿನಲ್ಲಿ ಒಲೆಗಳು ನಾಲ್ಕು, ನಾಲ್ಕಕ್ಕೂ ಒಂದೊಂದು ಕೊಳವೆ, ನಾಲ್ಕೂ ಕೂಡಿ ಒಂದಾಗಿ ಹಿಂದಿನ ಡಬ್ಬಿಗೆ ಹೋಗುತ್ತವೆ, ಡಬ್ಬಿಯೊಳಗೆ ಅಡ್ಡ ತಗಡುಗಳು, ಹೊಗೆ ಅವುಗಳಿಗೆ ತಲೆ ಬಡಿದುಕೊಂಡು ಬಡಿದುಕೊಂಡು ಸುಸ್ತಾಗಿ, ಸಪ್ಪಳವಿಲ್ಲದೆ ಹೊರಗೆ ಬರುತ್ತದೆ. ನನಗೆ ತಿಳಿಯಿತೇ? ಇಲ್ಲ. ತಿಳಿಯಿತೆಂದು ತಲೆಯಾಡಿಸಿದೆನೇ? ಅವಶ್ಯವಾಗಿ.

ಮರುದಿನವೇ ಅಡ್ಡ ತಗಡುಗಳೆಲ್ಲ ಹೊರಗೆ ಬಂದವು. ಮೋಟಾರು ಚಾಲೂ ಆದಾಗ ಬೇವಿನಮರದ ಕಾಗೆಗಳೆಲ್ಲ ಒಮ್ಮೆಗೇ ಎದ್ದುಹೋದವು. ನಾನು ಶಾಲೆಯಲ್ಲಿ ಹೃದಯದ ಚಿತ್ರ ಬರೆಯುತ್ತಿದ್ದವನು ನನ್ನ ಹೃದಯವನ್ನೇ ಹಿಡಿದುಕೊಂಡು ಕುಳಿತೆ. ಓಣಿಯ ಹಿರಿಯರು ಕೂಡಿ ಬಂದು ದೂರು ಕೊಟ್ಟರು. ಅದು ಮುಗಿಯುವವರೆಗೆ ಕಾಕಾ ಅವರಿಗೆಲ್ಲ ಚಹಾ ಕುಡಿಸಿದರು. ಊರಿಗೆ ಊರೇ ಕಿವಿ ಮುಚ್ಚಿಕೊಂಡಾಗಲೂ ಒಂದು ಮಾತೂ ಆಡದವರು ಕಾಕಿಯೊಬ್ಬರೇ. ಎಂಥ ಸಹನೆ ಎಂದು ನಾವೆಲ್ಲ ಕೈಮುಗಿದೆವು.

ಆಶ್ಚರ್ಯವೆಂದರೆ, ಇಷ್ಟಾದರೂ ಕಾಕಾ ಬರುವ ಹೊತ್ತಿಗೆ ರೊಟ್ಟಿ ಮಾತ್ರ ಹಂಚಿಗೆ ಬೀಳಲಿಲ್ಲ! ಸಾಲದ್ದಕ್ಕೆ ಮೋಟಾರು ಖಣಿಯ ಏರು ಹತ್ತಲಾರದೆ ಏದುಸಿರು ಬಿಡತೊಡಗಿತು. ಕಾಕಾ ಅದನ್ನು ಪಕ್ಕದೂರು ವಾಡಿಯ ಉಸ್ತಾದರ ವರ್ಕ್‌ಶಾಪಿಗೆ ಒಯ್ದರು, ಸಾಕ್ಷಿಗೆಂದು ನನ್ನನ್ನೂ. ಉಸ್ತಾದರು ಕೊಳವೆಯ ಬಾಯಿಗೆ ಅಂಗೈ ಹಿಡಿದು, ಕಣ್ಣು ಮುಚ್ಚಿ, ನಾಡಿ ನೋಡುವ ಹಕೀಮರಂತೆ ನಿಂತರು.

“ಇಷ್ಟ ಖುಲ್ಲಾ ಬಿಟ್ರ ಎದಿಯಾಗ ದಮ್ ಎಲ್ಲಿ ಉಳೀತದ, ಕಾಕಾ? ಗಾಡಿ ಒದರಾಕತ್ತದ, ಎಳಿವಲ್ದು.”

“ನನಗ ಒದರೋದು ಬ್ಯಾಡ, ಉಸ್ತಾದ,” ಎಂದರು ಕಾಕಾ. “ನೆಲ ನಡಗಬೇಕು.”

ಉಸ್ತಾದರು ನನ್ನ ಕಡೆ ನೋಡಿದರು. ನಾನು ಆಕಾಶ ನೋಡಿದೆ. ನೆಲ ನಡುಗಬೇಕೆಂಬ ಗಿರಾಕಿ ಅವರಿಗೂ ಹೊಸಬ. ಆದರೂ ಎಂಟು ದಿನ ಕೂತು, ಯಾವುದೋ ಹಳೇ ಉಗಿಯಂತ್ರದ ದಪ್ಪ ಕೊಳವೆ ಹುಡುಕಿ ತಂದು, ಕೊಡದಷ್ಟು ದೊಡ್ಡ ಡಬ್ಬಿ ಮಾಡಿ, ಒಳಗೆ ಎರಡೇ ತಗಡು ಇಟ್ಟು ವೆಲ್ಡಿಂಗ್ ಮಾಡಿಕೊಟ್ಟರು. ಮೋಟಾರು ಈಗ ಕಿರುಚುತ್ತಿರಲಿಲ್ಲ. ಹೊಟ್ಟೆಯಾಳದಿಂದ ಘುಡುಘುಡು ಎನ್ನುತ್ತಿತ್ತು. ಏರನ್ನೂ ಹತ್ತಿತು. ಕಾಗೆಗಳು ಬೇವಿನಮರಕ್ಕೆ ಮರಳಿದವು. ಓಣಿಯ ಹಿರಿಯರು ಇನ್ನೊಮ್ಮೆ ಬಂದು ಚಹಾ ಕುಡಿದು ಹೋದರು. ಇಷ್ಟೆಲ್ಲ ಒಂದು ರೊಟ್ಟಿಗಾಗಿಯೇ? ಇಂಥ ಹೊಟ್ಟೆಬಾಕ ಜಗತ್ತಿನಲ್ಲಿ ಇನ್ನೊಬ್ಬನಿಲ್ಲವೆಂದು ನಾನು ತೀರ್ಮಾನಿಸಿಬಿಟ್ಟೆ.

ಒಂದು ಮಧ್ಯಾಹ್ನ ಕಾಕಿಯ ಅಡಿಗೆಮನೆಯ ಬಾಗಿಲಲ್ಲಿ ಕುಳಿತಿದ್ದೆ. ಅವರು ನನಗೆ ಬೆನ್ನು ಮಾಡಿ ಹಿಟ್ಟು ನಾದುತ್ತಿದ್ದರು. ದೂರದಲ್ಲಿ ಘುಡುಘುಡು ಕೇಳಿತು. “ಕಾಕಿ, ಕಾಕಾ ಬಂದ್ರು,” ಎಂದೆ. ತಿರುಗಲಿಲ್ಲ. ದನಿ ಏರಿಸಿ ಇನ್ನೊಮ್ಮೆ ಕೂಗಿದೆ. ಅವರ ಕೈ ಹಿಟ್ಟಿನಲ್ಲೇ ಇತ್ತು.

ಮೋಟಾರು ಓಣಿಯ ಬಾಯಿಗೆ ಬಂತು. ನಮ್ಮ ಓಣಿಗೆ ಹಾಸಿದ್ದು ಶಹಾಬಾದಿ ಕಲ್ಲು. ಒಂದಕ್ಕೊಂದು ಅಂಟಿ ಅಂಗಳಕ್ಕೆ, ಅಂಗಳದಿಂದ ಅಡಿಗೆಮನೆಗೆ ಹಾಸಿಕೊಂಡು ಹೋಗಿತ್ತು. ನಾನು ಕುಳಿತ ಕಲ್ಲು ಸಣ್ಣಗೆ ನಡುಗಿತು. ಕಾಕಿ ಹಿಟ್ಟು ಬಿಟ್ಟರು. ಅಂಗೈಯನ್ನು ನೆಲಕ್ಕಿಟ್ಟು ಒಂದು ಕ್ಷಣ ಹಾಗೆಯೇ ಇದ್ದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಪಟಪಟನೆ ರೊಟ್ಟಿ ಬಡಿಯತೊಡಗಿದರು.

ನಾನು ಎದ್ದು ಹೊರಗೆ ಬಂದೆ. ಕಾಕಾ ಓಣಿಯಲ್ಲೇ ಎಂಜಿನ್ ಬಂದ್ ಮಾಡಿ, ಸ್ಟೇರಿಂಗ್ ಮೇಲೆ ಕೈಯಿಟ್ಟು, ಒಳಗಿನ ಪಟಪಟಕ್ಕೆ ಕಿವಿಗೊಟ್ಟು ಕುಳಿತಿದ್ದರು. ನನ್ನ ಮುಖ ನೋಡಿದೊಡನೆ, ನನಗೆ ವಿಷಯ ಗೊತ್ತಾಗಿದೆಯೆಂದು ಅವರಿಗೆ ತಿಳಿಯಿತು.

“ಕಿವಿ ಕೇಳಸಂಗಿಲ್ಲ ಅಂತ ಆಕಿ ಒಪ್ಪಂಗಿಲ್ಲಪ್ಪ,” ಎಂದರು ಮೆಲ್ಲಗೆ. “ಗಾಡಿದೇ ತಪ್ಪು ಅಂತಾಳ. ಇರಲಿ, ಗಾಡಿದೇ ತಪ್ಪು.”

ಒಳಗೆ ಬಡಿಯುವ ಸಪ್ಪಳ ನಿಂತಿತು. ಕಾಕಾ ಅವಸರದಿಂದ ಕೆಳಗಿಳಿದರು.

“ನಡಿ, ನಡಿ. ಹಂಚಿನ ಮ್ಯಾಲ ಬಿತ್ತು.”